ಇಳಿದದ್ದೋ, ಬಿದ್ದದ್ದೋ?

(ಮಿಲ್ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕಳೆದ ಭಾನುವಾರ ಇದೇ ವಾಚನಾಲಯದಲ್ಲಿ ಒಂದು ಜಗಳ ನಡೆಯಿತು. ಬೋನಸ್ಸಿನ ಜಗಳವಲ್ಲ, ತಕ್ಕಡಿಯ ಜಗಳವಲ್ಲ, ಧೂಮಕೇತುವಿನ ಜಗಳ! ಫಿಟ್ಟರ್ ಖಾತೆಯ ಸಂಗಾತಿಯೊಬ್ಬರು ಹಳೆಯ ಮಾಸಪತ್ರಿಕೆಯೊಂದನ್ನು ಬಿಡಿಸಿಟ್ಟುಕೊಂಡು, 2014ರ ನವೆಂಬರ್ 12ರಂದು ಯುರೋಪಿನವರು ಧೂಮಕೇತುವಿನ ಮೇಲೆ ಯಂತ್ರವೊಂದನ್ನು ಇಳಿಸಿದ ಸಂಗತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮನುಷ್ಯ ಮಾಡಿದ ಸಾಹಸಗಳಲ್ಲೆಲ್ಲ ಇದೇ ದೊಡ್ಡದು ಎಂದು ಅವರು ಹೇಳಿದ್ದೇ ತಡ, ಎದುರಿಗೆ ಕುಳಿತಿದ್ದ ಕಿರಾಣಿ ಅಂಗಡಿಯ ಯಜಮಾನರು ಕನ್ನಡಕ ತೆಗೆದು, "ಸ್ವಾಮಿ, ಅದು ಇಳಿಯಲಿಲ್ಲ, ಬಿತ್ತು. ಬಿದ್ದು ಎರಡೂವರೆ ದಿನಕ್ಕೆ ಬ್ಯಾಟರಿ ಮುಗಿದು ಕಣ್ಣು ಮುಚ್ಚಿತು. ಇದಕ್ಕೆ 140 ಕೋಟಿ ಯೂರೋ. ನಾವು ಅಂಗಡಿಯಲ್ಲಿ ಇಂಥ ಜಮಾಖರ್ಚು ಬರೆದರೆ ಮನೆ ಹರಾಜಾಗುತ್ತದೆ" ಎಂದರು.

ಮಾತಿಗೆ ಮಾತು ಬೆಳೆಯಿತು. ಆಗ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ನೂಲುವ ಖಾತೆಯ ಅಣ್ಣನವರೊಬ್ಬರು ಒಂದೇ ಒಂದು ಮಾತು ಹೇಳಿದರು. "ಮೇಷ್ಟ್ರೇ, ಅಷ್ಟು ದೂರದ ಯಂತ್ರ ನಡೆಯುತ್ತದೆ. ನಮ್ಮ ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ಮೂರು ತಿಂಗಳಿಂದ ಕೆಟ್ಟು ನಿಂತಿದೆ. ಮನೆಯವಳನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಪಕ್ಕದ ಜಿಲ್ಲೆಗೆ ಕರೆದುಕೊಂಡು ಹೋಗುತ್ತೇನೆ. ಇದಕ್ಕೇನು ಹೇಳುತ್ತೀರಿ?"

ಆ ಹೊತ್ತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಒಂದು ವಾರ ಕಾಲಾವಕಾಶ ಕೇಳಿದೆವು. ಓದಬೇಕಾದುದನ್ನು ಓದಿಕೊಂಡು ಈಗ ತಮ್ಮ ಮುಂದೆ ನಿಂತಿದ್ದೇವೆ. ನಾವು ಮೆಟ್ರಿಕ್‌ವರೆಗೆ ಕಲಿತವರು, ವಿಜ್ಞಾನಿಗಳಲ್ಲ. ಆದರೆ ಬಿದ್ದುದನ್ನು ಇಳಿಯಿತು ಎಂದು ಹೇಳಿದ ತಪ್ಪು ನಮ್ಮಿಂದಲೂ ಆಗಿದೆ, ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇವೆ. 2014ರಲ್ಲಿ ನಾವು ಶಾಲಾಮಾಸ್ತರರಾಗಿದ್ದೆವು. 13ನೆಯ ತಾರೀಖು ಗುರುವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಧೂಮಕೇತುವಿನ ಮೇಲೆ ಮನುಷ್ಯನ ಯಂತ್ರ ಹೂವಿನಂತೆ ಇಳಿಯಿತು ಎಂದು ಮಕ್ಕಳಿಗೆ ಹೇಳಿ ಚಪ್ಪಾಳೆ ತಟ್ಟಿಸಿದೆವು. ಮರುದಿನ ಮಕ್ಕಳ ದಿನಾಚರಣೆ. ಮಿಠಾಯಿ ಹಂಚುತ್ತಿರುವಾಗ ಏಳನೆಯ ತರಗತಿಯ ಹುಡುಗನೊಬ್ಬ ಬಂದು, "ಅದು ಚೆಂಡಿನ ಹಾಗೆ ಪುಟಿಯಿತಂತೆ ಸಾರ್. ಹಾಗಾದರೆ ಇಳಿದದ್ದೋ, ಬಿದ್ದದ್ದೋ?" ಎಂದು ಕೇಳಿದ. "ಹೋಗಿ ಸಾಲಿನಲ್ಲಿ ನಿಂತುಕೋ" ಎಂದು ಗದರಿಸಿದೆವು. ಆ ಪ್ರಶ್ನೆಗೆ ಉತ್ತರ ಹೇಳುವುದು ಇಂದಿನವರೆಗೆ ಬಾಕಿ ಉಳಿದಿದೆ.

ಮೊದಲು ಧೂಮಕೇತು ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ನೋಡೋಣ. ನಮ್ಮ ಹಿರಿಯರು ಬಾಲಚುಕ್ಕಿ ಎಂದರು. ಅದು ಕಂಡರೆ ರಾಜನಿಗೆ ಕೇಡು, ಊರಿಗೆ ಬರ ಎಂದರು. ಇದು ನಮ್ಮ ದೇಶದ ಮೌಢ್ಯ ಮಾತ್ರ ಎಂದು ಯಾರೂ ನಾಚಬೇಕಾಗಿಲ್ಲ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ, ಅದರ ಬಾಲದಲ್ಲಿ ವಿಷಾನಿಲವಿದೆ ಎಂಬ ಭಯ ಹಬ್ಬಿ ಅಮೆರಿಕದಲ್ಲಿ ಧೂಮಕೇತುವಿಗೆಂದು ಗುಳಿಗೆ ಮಾರಿದರು. (ಕೊಂಡವರೂ ಬದುಕಿದರು, ಕೊಳ್ಳದವರೂ ಬದುಕಿದರು, ಲಾಭ ಮಾರಿದವನಿಗೆ.) ವಾಸ್ತವದಲ್ಲಿ ಧೂಮಕೇತುವೆಂದರೆ ಮಂಜುಗಡ್ಡೆ ಮತ್ತು ಧೂಳು ಬೆರೆತ ಒಂದು ಉಂಡೆ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ ಧೂಳನ್ನೂ ಎಳೆದುಕೊಂಡು ಹಾರುತ್ತದೆ, ಬಾಲ ಮೂಡುತ್ತದೆ. ಸೂರ್ಯನೂ ಗ್ರಹಗಳೂ ಹುಟ್ಟಿದ ಕಾಲದಲ್ಲಿ, ಎಂದರೆ ಸುಮಾರು 460 ಕೋಟಿ ವರ್ಷಗಳ ಹಿಂದೆ, ಮನೆ ಕಟ್ಟಿ ಉಳಿದ ಸಾಮಾನು ಅದು. ಭೂಮಿಯ ಮೇಲಿನ ಹಳೆಯ ಕಲ್ಲು ಕಾದು, ಕರಗಿ, ಮಳೆಗೆ ಸವೆದು ಬದಲಾಗಿದೆ. ಈ ಉಂಡೆಗಳು ದೂರದ ಚಳಿಯಲ್ಲಿ ಹೆಚ್ಚುಕಡಮೆ ಹಾಗೆಯೇ ಉಳಿದಿವೆ. ಅದಕ್ಕೇ ವಿಜ್ಞಾನಿಗಳಿಗೆ ಅವುಗಳ ಮೇಲೆ ಕಣ್ಣು.

ಈ ಯಂತ್ರ ಹೋದ ಧೂಮಕೇತುವಿನ ಹೆಸರು ಚುರ್ಯುಮೋವ್-ಗೆರಸಿಮೆಂಕೋ. ನಾಲಿಗೆ ತಿರುಗದಿದ್ದರೆ ಚಿಂತೆಯಿಲ್ಲ, 67ನೆಯ ನಂಬರಿನದು ಎನ್ನಿ. 1969ರಲ್ಲಿ ಸ್ವೆತ್ಲಾನಾ ಗೆರಸಿಮೆಂಕೋ ಎಂಬ ಮಹಿಳೆ ಸೋವಿಯತ್ ದೇಶದ ಆಲ್ಮಾ-ಅತಾದಲ್ಲಿ ಬೇರೊಂದು ಧೂಮಕೇತುವಿಗಾಗಿ ಆಕಾಶದ ಫೋಟೋ ತೆಗೆದರು. ಕೀವ್ ನಗರದಲ್ಲಿ ಆ ಗಾಜಿನ ಫಲಕಗಳನ್ನು ಪರೀಕ್ಷಿಸಿದ ಕ್ಲಿಮ್ ಚುರ್ಯುಮೋವ್, ಇರಬೇಕಾದ ಜಾಗಕ್ಕಿಂತ ಎರಡು ಡಿಗ್ರಿಗೆ ತುಸು ಕಡಮೆ ದೂರದಲ್ಲಿ ಬೇರೆಯೇ ಒಂದು ಮಸುಕು ಚುಕ್ಕೆ ಇರುವುದನ್ನು ಕಂಡರು. ಒಬ್ಬರು ಫೋಟೋ ತೆಗೆದರು, ಇನ್ನೊಬ್ಬರು ಕಂಡುಹಿಡಿದರು, ಹೆಸರು ಇಬ್ಬರದೂ ಉಳಿಯಿತು. ನಮ್ಮ ಕಾರ್ಖಾನೆಗಳಲ್ಲಿ ಹೀಗಾಗುವುದು ಅಪರೂಪ.

ಅದರ ದೊಡ್ಡ ಭಾಗ ನಾಲ್ಕು ಕಿಲೋಮೀಟರು ಉದ್ದ; ಚಿಕ್ಕ ಭಾಗ ಎರಡೂವರೆ. ಎರಡೂ ಕುತ್ತಿಗೆಯಲ್ಲಿ ಕೂಡಿಕೊಂಡು ಬಾತುಕೋಳಿಯಂತೆ ಕಾಣುತ್ತದೆ. ಸುಮಾರು ಆರೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ.

ನೌಕೆಯ ಹೆಸರು ರೊಸೆಟ್ಟಾ. ಅದರ ಹೊಟ್ಟೆಗೆ ಅಂಟಿಕೊಂಡು ಹೋದ, ಬಟ್ಟೆ ತೊಳೆಯುವ ಯಂತ್ರದಷ್ಟು ಗಾತ್ರದ ಪೆಟ್ಟಿಗೆಯ ಹೆಸರು ಫಿಲೇ. ಮೊದಲು ಹೊರಡಬೇಕಾಗಿದ್ದುದು 2003ರ ಜನವರಿಯಲ್ಲಿ, ಬೇರೆಯೇ ಒಂದು ಧೂಮಕೇತುವಿಗೆ. 2002ರ ಡಿಸೆಂಬರ್‌ನಲ್ಲಿ ಅದೇ ಜಾತಿಯ ರಾಕೆಟ್ಟು ಕೆಟ್ಟು ಬಿದ್ದುದರಿಂದ ಪ್ರಯಾಣ ನಿಂತಿತು, ಬಸ್ಸು ತಪ್ಪಿತು, ಬೇರೆ ಊರಿನ ಬಸ್ಸು ಹಿಡಿದರು. 2004ರ ಮಾರ್ಚ್ 2ರಂದು ದಕ್ಷಿಣ ಅಮೆರಿಕದ ಕೂರೂವಿನಿಂದ ಹೊರಟ ನೌಕೆ, ಭೂಮಿಯ ಪಕ್ಕದಲ್ಲಿ ಮೂರು ಸಲ, ಮಂಗಳನ ಪಕ್ಕದಲ್ಲಿ ಒಂದು ಸಲ ಹಾಯ್ದು, ಆ ಗ್ರಹಗಳ ಎಳೆತದಿಂದಲೇ ವೇಗ ಗಳಿಸಿಕೊಂಡಿತು. ಸೂರ್ಯನಿಂದ ಬಹಳ ದೂರ ಹೋದಾಗ ಸೌರಫಲಕಕ್ಕೆ ಬಿಸಿಲು ಸಾಲದೆ, 2011ರ ಜೂನ್‌ನಿಂದ 2014ರ ಜನವರಿ 20ರವರೆಗೆ 31 ತಿಂಗಳು ಅದನ್ನು ಮಲಗಿಸಿದರು. ಅಷ್ಟು ಕಾಲ ಅದು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎಚ್ಚರವಾಯಿತು, 2014ರ ಆಗಸ್ಟ್ 6ರಂದು ಧೂಮಕೇತುವನ್ನು ಮುಟ್ಟಿತು. ಹತ್ತು ವರ್ಷ, ಸುಮಾರು 640 ಕೋಟಿ ಕಿಲೋಮೀಟರಿನ ದಾರಿ.

ಈಗ ಆ ದಿನದ ಸಂಗತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಜಗಳ ಇರುವುದೇ ಇಲ್ಲಿ.

ಅಂದು ಧೂಮಕೇತು ನಮ್ಮಿಂದ ಸುಮಾರು 51 ಕೋಟಿ ಕಿಲೋಮೀಟರು ದೂರದಲ್ಲಿತ್ತು. ಅಲ್ಲಿಂದ ರೇಡಿಯೋ ಸುದ್ದಿ ಬರುವುದಕ್ಕೆ 28 ನಿಮಿಷ. ಎಂದರೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕುಳಿತವನು ತಪ್ಪು ಕಂಡು ಸರಿಪಡಿಸುವಂತಿಲ್ಲ. ಅವನು ಕಾಣುವ ಹೊತ್ತಿಗೆ ಆಗಬೇಕಾದ್ದು ಆಗಿ ಮುಗಿದಿರುತ್ತದೆ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಫಿಲೇಯನ್ನು ಸುಮಾರು 22 ಕಿಲೋಮೀಟರು ಎತ್ತರದಿಂದ ಬಿಟ್ಟರು. ಅದಕ್ಕೆ ಕೆಳಗಿಳಿಯುವಾಗ ನಡೆಸಿಕೊಳ್ಳುವ ಎಂಜಿನ್ ಇರಲಿಲ್ಲ. ಗುರಿಯಿಟ್ಟು ಬಿಟ್ಟ ಕಲ್ಲಿನಂತೆ ಏಳು ಗಂಟೆಗಳ ಕಾಲ ಮೆಲ್ಲನೆ ಇಳಿಯಿತು.

ಭೂಮಿಯಲ್ಲಿ ಅದರ ತೂಕ ಸುಮಾರು ನೂರು ಕಿಲೋ. ಧೂಮಕೇತುವಿನ ಮೇಲೆ? ವರ್ತಕ ಮಿತ್ರರು ಗಮನಿಸಬೇಕು: ಹೆಚ್ಚುಕಡಮೆ ಒಂದು ಗ್ರಾಂ. ಅಷ್ಟು ದುರ್ಬಲ ಅಲ್ಲಿನ ಎಳೆತ. ಅಲ್ಲಿ ಇಳಿಯುವುದು ಸುಲಭ, ನಿಲ್ಲುವುದು ಕಷ್ಟ. ಸ್ವಲ್ಪ ಜೋರಾಗಿ ಪುಟಿದರೆ ಮರಳಿ ಬರದಂತೆ ಹಾರಿಹೋಗಬಹುದು. ಅದಕ್ಕಾಗಿ ಮೂರು ಏರ್ಪಾಡು ಮಾಡಿದ್ದರು. ಮುಟ್ಟಿದ ಕೂಡಲೇ ಹಗ್ಗ ಕಟ್ಟಿದ ಎರಡು ಈಟಿಗಳು ನೆಲಕ್ಕೆ ಹಾರಿ ನಾಟಬೇಕು. ಮೇಲ್ಭಾಗದ ಕೊಳವೆ ಅನಿಲ ಊದಿ ಪೆಟ್ಟಿಗೆಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಕಾಲುಗಳ ತಿರುಪುಗಳು ನೆಲ ಕಚ್ಚಬೇಕು.

ಅನಿಲದ ಕೊಳವೆ ಕೆಲಸ ಮಾಡುತ್ತಿಲ್ಲವೆಂದು ಬಿಡುವುದಕ್ಕೆ ಮೊದಲೇ ಗೊತ್ತಾಗಿತ್ತು. ಗೊತ್ತಿದ್ದೂ ಬಿಟ್ಟರು. ರಾತ್ರಿ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ, ಆಗಿಲ್ಕಿಯಾ ಎಂದು ಹೆಸರಿಟ್ಟ ಜಾಗವನ್ನು, ಗುರಿಗೆ ಬಹಳ ಹತ್ತಿರದಲ್ಲಿ ಮುಟ್ಟಿತು. ಈಟಿಗಳು ಹಾರಲಿಲ್ಲ. ತಿರುಪುಗಳು ಹಿಡಿಯಲಿಲ್ಲ. ಪೆಟ್ಟಿಗೆ ಮೇಲಕ್ಕೆ ಪುಟಿದು ಸುಮಾರು ಒಂದು ಕಿಲೋಮೀಟರು ಎತ್ತರಕ್ಕೆ ಹೋಗಿ, ಉರುಳುತ್ತ ತೇಲುತ್ತ, ಸುಮಾರು ಎರಡು ಗಂಟೆಗಳ ನಂತರ, ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಬಂಡೆಯ ನೆರಳಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಮೊದಲು ಮುಟ್ಟಿದ ಸುದ್ದಿ ಭೂಮಿಗೆ ಬಂದು, ಅಲ್ಲಿದ್ದವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿಯುತ್ತಿದ್ದಾಗ, ಯಂತ್ರ ಆಕಾಶದಲ್ಲಿತ್ತು. ನಾವು ಮರುದಿನ ಶಾಲೆಯಲ್ಲಿ ತಟ್ಟಿಸಿದ ಚಪ್ಪಾಳೆಯೂ ಅದೇ ಜಾತಿಯದು.

ಆ ಸಂದಿಯಲ್ಲಿ ಹನ್ನೆರಡು ಗಂಟೆಯ ಸುತ್ತಿಗೆ ಒಂದೂವರೆ ಗಂಟೆ ಮಾತ್ರ ಬಿಸಿಲು. ಸೌರಫಲಕದಿಂದ ಬ್ಯಾಟರಿ ತುಂಬಲಿಲ್ಲ. ಜೊತೆಗೆ ತಂದಿದ್ದ ಬ್ಯಾಟರಿಯ ಶಕ್ತಿ ಮುಗಿದು, 15ನೆಯ ತಾರೀಖು ಬೆಳಗಿನ ಆರು ಗಂಟೆಯ ಹೊತ್ತಿಗೆ ಫಿಲೇ ಮೌನವಾಯಿತು. 2015ರ ಜೂನ್ 13ರಂದು ಒಮ್ಮೆ ಎಚ್ಚತ್ತು ಸ್ವಲ್ಪ ಹೊತ್ತು ಮಾತಾಡಿತು; ಜುಲೈ 9ರ ನಂತರ ಅದೂ ಇಲ್ಲ.

ಕಿರಾಣಿ ಅಂಗಡಿಯ ಯಜಮಾನರ ಪಕ್ಷವನ್ನು ಮೊದಲು ಪೂರ್ತಿ ಬಲದಿಂದ ಹೇಳುತ್ತೇವೆ, ಅವರು ನಮ್ಮ ಮೇಲೆ ಪಕ್ಷಪಾತದ ಆರೋಪ ಹೊರಿಸಬಾರದು. ನಿಲ್ಲುವುದಕ್ಕೆ ಮಾಡಿದ ಮೂರು ಏರ್ಪಾಡೂ ಕೈಕೊಟ್ಟವು. ನೆಲ ಕೊರೆದು ಮಣ್ಣು ತೆಗೆಯಬೇಕಾಗಿದ್ದ ಬೈರಿಗೆ ಚಾಚಿತು, ತಿರುಗಿತು, ಆದರೆ ಒಲೆಯ ಡಬ್ಬಿಗೆ ಒಂದು ಚಿಟಿಕೆ ಮಣ್ಣೂ ಬೀಳಲಿಲ್ಲ. ಅಷ್ಟು ದೂರ ಹೋದದ್ದೇ ಬಹುಮಟ್ಟಿಗೆ ಆ ಚಿಟಿಕೆಗಾಗಿ! ತಿಂಗಳುಗಟ್ಟಲೆ ಮಾಡಬೇಕೆಂದಿದ್ದ ಕೆಲಸ ಎರಡೂವರೆ ದಿನಕ್ಕೆ ನಿಂತಿತು. ಇನ್ನೂ ಒಂದು ಮಾತು: ಅಮೆರಿಕದ ಸ್ಟಾರ್‌ಡಸ್ಟ್ ಎಂಬ ನೌಕೆ ಬೇರೊಂದು ಧೂಮಕೇತುವಿನ ಧೂಳನ್ನು ಹಿಡಿದು 2006ರಲ್ಲಿಯೇ ಭೂಮಿಗೆ ತಂದು ಹಾಕಿತ್ತು. ಅದು ಇಳಿಯುವ ಗೋಜಿಗೇ ಹೋಗಲಿಲ್ಲ. ಈ ಯಾತ್ರೆಯ ದೊಡ್ಡ ಸಂಶೋಧನೆಗಳಲ್ಲಿ ಬಹುಪಾಲು ಕೂಡ ಕೆಳಗಿಳಿದ ಫಿಲೇಯವಲ್ಲ, ಮೇಲೆ ಸುತ್ತುತ್ತಿದ್ದ ರೊಸೆಟ್ಟಾದವು. ಇಳಿಯುವ ನಾಟಕವೇ ಇಲ್ಲದಿದ್ದರೂ ಮುಕ್ಕಾಲು ಪಾಲು ಜ್ಞಾನ ಬರುತ್ತಿತ್ತು ಎಂದು ಯಾರಾದರೂ ವಾದಿಸಿದರೆ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇನ್ನು ಜಮಾ ಕಡೆ ನೋಡೋಣ.

ಬ್ಯಾಟರಿ ಮುಗಿಯುವ ಮೊದಲು ಮಾಡಬೇಕೆಂದು ಪಟ್ಟಿ ಹಾಕಿದ್ದ ಮೊದಲ ಹಂತದ ಕೆಲಸದಲ್ಲಿ ನೂರಕ್ಕೆ 80ರಷ್ಟು ಮುಗಿಯಿತು. ಮುಂದೆ ಬಿಸಿಲು ಸಿಗುವುದೋ ಇಲ್ಲವೋ ಎಂದು ಮೊದಲೇ ಶಂಕಿಸಿ, ಮುಖ್ಯವಾದುದನ್ನೆಲ್ಲ ಮೊದಲ ಎರಡೂವರೆ ದಿನಕ್ಕೆ ಇಟ್ಟಿದ್ದವರ ಬುದ್ಧಿ ಇದು. ರಾತ್ರಿ ಪಾಳಿಯಲ್ಲಿ ಕರೆಂಟು ಹೋಗಬಹುದೆಂದು ತುರ್ತಿನ ನೂಲನ್ನು ಮೊದಲು ಇಳಿಸಿಕೊಳ್ಳುವ ಜಾಬರನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ವಿಚಿತ್ರ. ಬಿದ್ದುದರಿಂದಲೇ ಬಂದ ಲಾಭವೂ ಇದೆ. ಯಂತ್ರದಲ್ಲಿ ಕಾಂತಶಕ್ತಿಯನ್ನು ಅಳೆಯುವ ಉಪಕರಣವಿತ್ತು. ಒಂದೇ ಕಡೆ ನಿಂತಿದ್ದರೆ ಒಂದೇ ಕಡೆಯ ಅಳತೆ ಸಿಗುತ್ತಿತ್ತು. ಪುಟಿದು ಪುಟಿದು ಹೋದುದರಿಂದ ದಾರಿಯುದ್ದಕ್ಕೂ ಅಳತೆ ಸಿಕ್ಕಿ, ಧೂಮಕೇತುವಿನಲ್ಲಿ ಕಾಂತತ್ವ ಇಲ್ಲ ಎಂದು 2015ರಲ್ಲಿ ಧೈರ್ಯವಾಗಿ ಹೇಳುವುದಕ್ಕಾಯಿತು. ಹುಟ್ಟುವ ಕಾಲದಲ್ಲಿ ಧೂಳಿನ ಕಣಗಳನ್ನು ಕಾಂತಶಕ್ತಿ ಎಳೆದು ಉಂಡೆ ಕಟ್ಟಿತೆ ಎಂಬ ಊಹೆಗೆ ಇದರಿಂದ ಬಲ ತಗ್ಗಿತು. ಕೊನೆಗೆ ನಿಂತ ಜಾಗದಲ್ಲಿ ಸುತ್ತಿಗೆಯಿಂದ ಒಂದು ಕಡ್ಡಿಯನ್ನು ಹೊಡೆದು ನೋಡಿದರು, ನಾಟಲಿಲ್ಲ. ಧೂಳಿನ ಕೆಳಗೆ ಮಂಜು ಕಲ್ಲಿನಂತೆ ಗಟ್ಟಿ. ಇಡೀ ಉಂಡೆ ಹೀಗೆಯೇ ಇರಬೇಕೆಂದುಕೊಂಡರೆ, ರೇಡಿಯೋ ಅಲೆಗಳನ್ನು ಅದರೊಳಗಿಂದ ಹಾಯಿಸಿ ನೋಡಿದಾಗ ಒಳಗೆ ನೂರಕ್ಕೆ 75ರಿಂದ 85ರಷ್ಟು ಬರಿ ಟೊಳ್ಳು!

2020ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಹಳೆಯ ಚಿತ್ರಗಳನ್ನೂ ಅಳತೆಗಳನ್ನೂ ಆರು ವರ್ಷ ಕೆದಕಿದವರು, ಫಿಲೇ ನಡುವೆ ಒಂದು ಬಂಡೆಯ ಸಂದಿಗೆ ಬಡಿದು, ಅಲ್ಲಿ ಸುಮಾರು ಎರಡು ನಿಮಿಷ ತಿಕ್ಕಾಡಿ, ಒಳಗಿನ ಹಳೆಯ ಮಂಜನ್ನು ಹೊರಗೆಡವಿದ ಗುರುತನ್ನು ಕಂಡುಹಿಡಿದರು. ಗುರುತಿನ ಆಳ ಅಳೆದು ಆ ಮಂಜು ಎಷ್ಟು ಮೃದು ಎಂದು ಲೆಕ್ಕ ಹಾಕಿದರು. ಕಾಫಿಯ ಮೇಲಿನ ನೊರೆಗಿಂತ ಮೃದು ಎಂದು ಅವರೇ ಹೋಲಿಸಿದರು. ಕೋಟಿಗಟ್ಟಲೆ ವರ್ಷದ ಮಂಜು, ಬಂಡೆಯ ಹೊಟ್ಟೆಯಲ್ಲಿ, ನೊರೆಯಂತೆ! ಈಟಿ ನೆಟ್ಟು ನಿಂತಿದ್ದರೆ ಇದು ಸಿಗುತ್ತಿರಲಿಲ್ಲ. ಇದನ್ನು ಸಾಹಸವೆಂದು ಹೊಗಳುವಂತಿಲ್ಲ, ಯಾರೂ ಯೋಜಿಸಿದ್ದಲ್ಲ. ಆದರೆ ಬಿದ್ದ ಗಾಯದ ಗುರುತನ್ನೂ ಅಳೆದು ಬರೆದಿಟ್ಟರಲ್ಲ, ಅದು ನಮಗೆ ಹಿಡಿಸಿತು.

ಮೂರನೆಯದು, ನಮ್ಮ ದೇಶದವರ ಎದೆ ನಡುಗಿಸುವಂಥದು. ಮೊದಲ ಸಲ ಮುಟ್ಟಿದಾಗ ಎದ್ದ ಧೂಳು ಪೆಟ್ಟಿಗೆಯ ಕೆಳಗಿನ ಕೊಳವೆಗೆ ಹೊಕ್ಕಿತು. ಅದನ್ನು ಮೂಸಿ ನೋಡಿದ ಉಪಕರಣ 16 ಇಂಗಾಲದ ಸಂಯುಕ್ತಗಳನ್ನು ಗುರುತಿಸಿದೆ ಎಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನಾಲ್ಕು ಅದುವರೆಗೆ ಯಾವ ಧೂಮಕೇತುವಿನಲ್ಲೂ ಕಂಡಿರಲಿಲ್ಲ. ಆ ನಾಲ್ಕರಲ್ಲಿ ಒಂದರ ಹೆಸರು ಮಿಥೈಲ್ ಐಸೋಸಯನೇಟ್. ಸಂಗಾತಿಗಳೇ, ಈ ಹೆಸರನ್ನು ತಾವು ಕೇಳಿದ್ದೀರಿ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ, ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಸೋರಿ, ಮಲಗಿದ್ದ ಸಾವಿರಾರು ಜನರನ್ನು ಕೊಂದದ್ದು ಇದೇ ವಸ್ತು. ಆಕಾಶದಲ್ಲಿ ಅದು ಯಾರನ್ನೂ ಕೊಲ್ಲಲಿಲ್ಲ. ಸಾರಜನಕವೂ ಇಂಗಾಲವೂ ಚಳಿಯಲ್ಲಿ ಸೇರಿ ಆದ ಒಂದು ಕಣ, ಜೀವದ ಕಡೆಗೆ ಹೋಗುವ ರಸಾಯನದ ಮೆಟ್ಟಿಲುಗಳಲ್ಲಿ ಒಂದಾಗಿರಬಹುದು ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಕೊಂದದ್ದು ಅದನ್ನು ಬಡವರ ಗುಡಿಸಲುಗಳ ಪಕ್ಕದಲ್ಲಿ ಟನ್ನುಗಟ್ಟಲೆ ತುಂಬಿಟ್ಟು, ಕಾವಲಿನ ಖರ್ಚನ್ನು ಕಡಿಮೆ ಮಾಡಿದ ವ್ಯವಸ್ಥೆ.

ಇಷ್ಟು ಹೇಳಿ ನಿಲ್ಲಿಸಿದರೆ ಶಾಲೆಯಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. 2017ರಲ್ಲಿ ಮೇಲಿನ ನೌಕೆಯ ಹೆಚ್ಚು ಸೂಕ್ಷ್ಮವಾದ ಉಪಕರಣದ ಅಳತೆಗಳೊಡನೆ ಹೋಲಿಸಿ ನೋಡಿದವರು, ಆ ಪಟ್ಟಿಯ ಕೆಲವು ಹೆಸರುಗಳು ಅಷ್ಟು ಪ್ರಮಾಣದಲ್ಲಿ ಇರಲಾರವು, ಪಟ್ಟಿಯನ್ನು ತಿದ್ದಬೇಕು ಎಂದು ತಕರಾರು ತೆಗೆದರು. ಮಿಥೈಲ್ ಐಸೋಸಯನೇಟಿನ ಮೇಲೂ ಆ ತಕರಾರು ಇದೆ.

ನೀರಿನ ಕಥೆಯೂ ಹೀಗೆಯೇ. ನಮ್ಮ ಸಮುದ್ರದ ನೀರು ಧೂಮಕೇತುಗಳಿಂದ ಬಂದಿತೆ ಎಂಬುದು ಹಳೆಯ ಪ್ರಶ್ನೆ. ನೀರಿನಲ್ಲಿರುವ ಜಲಜನಕದಲ್ಲಿ ಎರಡು ಬಗೆ, ಹಗುರವಾದದ್ದು, ಭಾರವಾದದ್ದು. ಅವುಗಳ ಪ್ರಮಾಣ ನೋಡಿ, ಹಾಲು ಯಾರ ಮನೆಯದೆಂದು ಕೊಬ್ಬು ನೋಡಿ ಹೇಳಿದಂತೆ, ನೀರಿನ ಮೂಲ ಹೇಳುತ್ತಾರೆ. 2011ರಲ್ಲಿ ಹಾರ್ಟ್ಲಿ ಎಂಬ ಧೂಮಕೇತುವಿನ ನೀರು ನಮ್ಮ ಸಮುದ್ರಕ್ಕೆ ಹೊಂದಿತ್ತು; ಎಲ್ಲರೂ ಹಿಗ್ಗಿದರು. 2014ರ ಡಿಸೆಂಬರ್‌ನಲ್ಲಿ ರೊಸೆಟ್ಟಾ ಅಳೆದಾಗ ಈ ಧೂಮಕೇತುವಿನಲ್ಲಿ ಭಾರದ ಜಲಜನಕ ಮೂರು ಪಟ್ಟಿಗೂ ಹೆಚ್ಚು ಎಂದು ಬಂತು. ಧೂಮಕೇತುವಿನ ಪಕ್ಷ ಸೋತಿತು ಎಂದರು. 2024ರ ನವೆಂಬರ್‌ನಲ್ಲಿ, ಅದೇ ರೊಸೆಟ್ಟಾದ ಸಾವಿರಾರು ಹಳೆಯ ಅಳತೆಗಳನ್ನು ಮತ್ತೆ ಜರಡಿ ಹಿಡಿದವರು, ಹತ್ತಿರದ ಧೂಳಿನಿಂದ ಲೆಕ್ಕ ಕೆಟ್ಟಿತ್ತು, ಧೂಳು ಕಡಮೆಯಿರುವ ದೂರದಲ್ಲಿ ಅಳೆದರೆ ನಮ್ಮ ನೀರಿಗೆ ಹತ್ತಿರ ಬರುತ್ತದೆ ಎಂದರು. ಮೊಕದ್ದಮೆ ಮತ್ತೆ ತೆರೆಯಿತು. ನೌಕೆ ಸತ್ತು ಎಂಟು ವರ್ಷವಾದ ಮೇಲೆ ಅದರ ಸಾಕ್ಷಿಯನ್ನು ಮತ್ತೆ ವಿಚಾರಣೆಗೆ ಕರೆದರು.

ಗ್ಲೈಸಿನ್ ಎಂಬ, ನಮ್ಮ ಮಾಂಸಖಂಡದಲ್ಲಿಯೂ ಇರುವ ಸರಳ ಪದಾರ್ಥವನ್ನು, ರಂಜಕವನ್ನು, ಯಾರೂ ನಿರೀಕ್ಷಿಸದೇ ಇದ್ದ ಆಮ್ಲಜನಕವನ್ನು ರೊಸೆಟ್ಟಾ ಕಂಡದ್ದನ್ನೂ ಜಮಾ ಬರೆದುಕೊಳ್ಳಿ. ವಿವರಕ್ಕೆ ಹೊತ್ತಿಲ್ಲ.

ಈಗ ದುಡ್ಡಿನ ಮಾತು. 140 ಕೋಟಿ ಯೂರೋ. 2014ರ ದರದಲ್ಲಿ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಇದನ್ನು ಸಮರ್ಥಿಸುವವರು ಒಂದು ಲೆಕ್ಕ ಹೇಳುತ್ತಾರೆ: ಸುಮಾರು ಇಪ್ಪತ್ತು ವರ್ಷಗಳ ಖರ್ಚು, ಯುರೋಪಿನ ಐವತ್ತು ಕೋಟಿ ಜನರಿಗೆ ಹಂಚಿದರೆ ವರ್ಷಕ್ಕೆ ತಲೆಗೆ 14 ಸೆಂಟ್, ಒಂದು ಲೋಟ ಚಹಾದ ದುಡ್ಡೂ ಅಲ್ಲ. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ತಲೆಗಳ ಮೇಲೆ ಭಾಗಿಸಿದರೆ ಯಾವ ದುಂದುವೆಚ್ಚವೂ ಚಿಕ್ಕದಾಗುತ್ತದೆ. ನಮ್ಮಲ್ಲಿ ಮಂತ್ರಿಗಳ ಬಂಗಲೆಯ ರಿಪೇರಿಯನ್ನೂ ಹೀಗೆಯೇ ಸಮರ್ಥಿಸಬಹುದು. ಇದರಿಂದ ಹೊಸ ಬಾಣಲೆ ಬರುತ್ತದೆ, ಹೊಸ ಬ್ಯಾಟರಿ ಬರುತ್ತದೆ ಎಂಬ ಮಾತೂ ನಮಗೆ ರುಚಿಸುವುದಿಲ್ಲ. ಬಾಣಲೆ ಬೇಕಾದರೆ ಬಾಣಲೆಯನ್ನೇ ಮಾಡಬಹುದು. ಅಲ್ಲಿಗೆ ಹೋದದ್ದು ಭೂಮಿ ಎಲ್ಲಿಂದ ಬಂತು, ನೀರು ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ. ಅದನ್ನು ತಿಳಿಯುವ ಆಸೆ ಹೊಟ್ಟೆ ತುಂಬಿದವರಿಗೆ ಮಾತ್ರ ಇರುತ್ತದೆ ಎಂದರೆ ನಾವು ಒಪ್ಪುವುದಿಲ್ಲ. ಈ ವಾಚನಾಲಯಕ್ಕೆ ಪಾಳಿ ಮುಗಿಸಿ ಹಸಿದು ಬಂದು ಪತ್ರಿಕೆ ಓದುವವರು ಇಲ್ಲೇ ಕುಳಿತಿದ್ದೀರಿ. ಕಳೆದ ವಾರ ಜಗಳ ಮಾಡಿದವರೂ ಹೊಟ್ಟೆ ತುಂಬಿದವರಲ್ಲ.

ಆದರೆ ನೂಲುವ ಖಾತೆಯ ಅಣ್ಣನವರ ಪ್ರಶ್ನೆ ಹಾಗೆಯೇ ನಿಂತಿದೆ. ಆ ದುಡ್ಡಿನಿಂದ ಆಸ್ಪತ್ರೆ ಕಟ್ಟಬಹುದಿತ್ತಲ್ಲ ಎಂಬುದು ಅವರ ಪ್ರಶ್ನೆಯಲ್ಲ. ಆ ದುಡ್ಡು ನಮ್ಮದಲ್ಲ ಎಂಬುದು ಅವರಿಗೆ ಗೊತ್ತು. ಅಲ್ಲಿ ನಡೆಯುವುದು ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದು ಅವರ ಪ್ರಶ್ನೆ. ನಮ್ಮ ಜನಕ್ಕೆ ಬುದ್ಧಿ ಇಲ್ಲವೆಂದು ಹೇಳುವಂತಿಲ್ಲ. ಫಿಲೇ ಬೀಳುವುದಕ್ಕೆ ಏಳು ವಾರ ಮೊದಲು, 2014ರ ಸೆಪ್ಟೆಂಬರ್ 24ರಂದು, 450 ಕೋಟಿ ರೂಪಾಯಿಯ ನಮ್ಮ ಮಂಗಳಯಾನ ಮಂಗಳನನ್ನು ಸುತ್ತತೊಡಗಿತ್ತು. ಅದನ್ನು ನಡೆಸಿದ್ದು ಬೆಂಗಳೂರಿನಿಂದ. 2019ರ ಸೆಪ್ಟೆಂಬರ್‌ನಲ್ಲಿ ವಿಕ್ರಮ್ ಚಂದ್ರನ ಮೇಲೆ ಬಿದ್ದು ಒಡೆಯಿತು, 2023ರ ಆಗಸ್ಟ್ 23ರಂದು ಇನ್ನೊಂದು ವಿಕ್ರಮ್ ನೆಟ್ಟಗೆ ಇಳಿಯಿತು. ಕೈ ಇದೆ, ತಲೆ ಇದೆ.

ನಾವು ಒಂದು ವಾರ ಓದಿದಾಗ ಕಂಡದ್ದು ಇಷ್ಟು. ಫಿಲೇಯ ಈಟಿ ಹಾರಲಿಲ್ಲ ಎಂಬುದು ನಮಗೆ ಹೇಗೆ ಗೊತ್ತು? ಅವರೇ ಹೇಳಿದರು. ಯಾವ ಗಂಟೆ ಯಾವ ನಿಮಿಷಕ್ಕೆ ಪುಟಿಯಿತು, ಬೈರಿಗೆಗೆ ಏಕೆ ಮಣ್ಣು ಸಿಗಲಿಲ್ಲ, ಬ್ಯಾಟರಿ ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲವನ್ನೂ ಬರೆದು ಹೊರಗಿಟ್ಟರು. ಮೊದಲ ದಿನದ ಕುಣಿತವನ್ನು ಮರುದಿನವೇ ತಿದ್ದಿದರು. ಹತ್ತು ವರ್ಷದ ನಂತರವೂ ಅಪರಿಚಿತರು ಆ ಲೆಕ್ಕ ತೆಗೆದು ತಪ್ಪು ಹುಡುಕುವಂತಿದೆ. ನಮ್ಮ ಆಸ್ಪತ್ರೆಯ ಯಂತ್ರ ಯಾವ ತಾರೀಖು ಕೆಟ್ಟಿತು? ಯಾವ ಭಾಗ ಕೆಟ್ಟಿತು? ರಿಪೇರಿಗೆ ಯಾರಿಗೆ ಬರೆದರು, ಅವರು ಏನು ಉತ್ತರಿಸಿದರು? ಈ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೋಗಿ ಕೇಳಿದ ಅಣ್ಣನವರಿಗೆ ಸಿಕ್ಕ ಉತ್ತರ, "ಮುಂದಿನ ವಾರ ಬನ್ನಿ."

ಹೀಗಾಗಿ ನಾವು ಒಂದು ಅರ್ಜಿ ಬರೆದು ತಂದಿದ್ದೇವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ, ಹತ್ತು ರೂಪಾಯಿ ಶುಲ್ಕ. ಈಗ ಹೇಳಿದ ಪ್ರಶ್ನೆಗಳೇ ಅದರಲ್ಲಿವೆ, ಹೆಚ್ಚಿಲ್ಲ. ಅರ್ಜಿ ನಮ್ಮ ಹೆಸರಿನಲ್ಲಿದೆ. ಜೊತೆಗೆ ಮನವಿಯ ಹಾಳೆ ಬೇರೆ ಇಟ್ಟಿದ್ದೇವೆ, ಸಹಿ ಹಾಕುವವರು ಹಾಕಬಹುದು. ಕಿರಾಣಿ ಅಂಗಡಿಯ ಯಜಮಾನರು ಮೊದಲ ಸಹಿ ತಮ್ಮದು ಎಂದು ಬಾಗಿಲಲ್ಲೇ ಹೇಳಿದ್ದಾರೆ. ಜಗಳ ಆಡಿದ್ದು ಸಾರ್ಥಕವಾಯಿತು.

ಫಿಲೇಯ ಮಿಕ್ಕ ಕಥೆಯನ್ನು ಹೇಳಿಬಿಡುತ್ತೇವೆ. ಅದು ಎಲ್ಲಿ ಬಿದ್ದಿದೆ ಎಂದು ಸುಮಾರು ಎರಡು ವರ್ಷ ಸರಿಯಾಗಿ ಗೊತ್ತಾಗಲಿಲ್ಲ. 2016ರ ಸೆಪ್ಟೆಂಬರ್ 2ರಂದು, ರೊಸೆಟ್ಟಾ 2.7 ಕಿಲೋಮೀಟರು ಹತ್ತಿರ ಹೋಗಿ ತೆಗೆದ ಚಿತ್ರದಲ್ಲಿ ಸಿಕ್ಕಿತು. ಪಕ್ಕಕ್ಕೆ ವಾಲಿಕೊಂಡು, ಒಂದು ಕಾಲನ್ನು ಮೇಲೆತ್ತಿ, ಬಂಡೆಯ ನೆರಳಲ್ಲಿ ಮಲಗಿತ್ತು. ಆ ತಿಂಗಳ 30ರಂದು ರೊಸೆಟ್ಟಾವನ್ನೂ ಅದೇ ಧೂಮಕೇತುವಿನ ಮೇಲೆ ಮೆಲ್ಲನೆ ಇಳಿಸಿ ಕೆಲಸ ಮುಗಿಸಿದರು. ಎರಡೂ ಅಲ್ಲೇ ಇವೆ. 2021ರ ನವೆಂಬರ್‌ನಲ್ಲಿ ಒಮ್ಮೆ ಸೂರ್ಯನ ಹತ್ತಿರ ಬಂದು ಹೋದವು. ಇನ್ನೊಂದು ಸರದಿ 2028ರ ಏಪ್ರಿಲ್‌ನಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ, ಹುಡುಕಬೇಡಿ.

ಅಂದು ನಾವು ಗದರಿಸಿದ ಹುಡುಗ ಈಗ ಐ.ಟಿ.ಐ. ಮುಗಿಸಿ ಇಲ್ಲಿಯ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಬಾಗಿಲ ಹತ್ತಿರ ನಿಂತು ನಗುತ್ತಿದ್ದಾನೆ. ಬಿದ್ದದ್ದು ಅಪ್ಪಾ, ಬಿದ್ದದ್ದು. ಬಿದ್ದ ಮೇಲೆ ಎರಡೂವರೆ ದಿನ ಕೆಲಸ ಮಾಡಿತು.

ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ಅವನೇ ಕೇಳಲಿ.